ಮೆಹರುನಬಿಯ ಹಗುರ ಕೈ

ಮೆಹರುನಬಿ ಹನ್ನೆರಡನೆಯ ವಯಸ್ಸಿಗೆ ಕೂದಲು ಬಿಡಿಸಲು ಕೂತವಳು. ಈಗ ಆಕೆಗೆ ಐವತ್ಮೂರು. ಕೊಪ್ಪಳದ ಪಕ್ಕದ ಭಾಗ್ಯನಗರದ ಗೋಡೌನುಗಳಿಗೆ ಎಲ್ಲೆಲ್ಲಿಂದಲೋ ಚೀಲಗಟ್ಟಲೆ ಕೂದಲು ಬಂದು ಬೀಳುತ್ತದೆ. ಹೆಂಗಸರು ತಲೆ ಬಾಚಿಕೊಂಡ ಮೇಲೆ ಬಾಚಣಿಗೆಯಿಂದ ತೆಗೆದು, ಬೆರಳಿಗೆ ಸುತ್ತಿ, ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟ ಉಂಡೆಗಳು ಅವು. ಸ್ಟೀಲ್ ಡಬ್ಬಿಯನ್ನೋ ಪ್ಲಾಸ್ಟಿಕ್ ಬುಟ್ಟಿಯನ್ನೋ ಕೊಟ್ಟು ಊರೂರು ತಿರುಗಿ ಕೊಂಡವರು ಮೂಟೆ ಕಟ್ಟಿ ಇಲ್ಲಿಗೆ ತರುತ್ತಾರೆ. ಆ ಉಂಡೆಯನ್ನು ಸೂಜಿಯಿಂದ ಸಡಿಲು ಮಾಡಿ, ಎಳೆ ಹರಿಯದಂತೆ ಬಿಡಿಸಿ, ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಕಟ್ಟು ಮಾಡುವುದು ಆಕೆಯ ಕೆಲಸ. ಸಂಜೆಗೆ ಕಣ್ಣು ಉರಿಯುತ್ತವೆ, ಮೂಗಿನಲ್ಲಿ ಧೂಳು ಕಟ್ಟಿರುತ್ತದೆ. ಗಂಡ ಹೈದರಸಾಬನದು ರಸ್ತೆ ಪಕ್ಕದಲ್ಲಿ ಪಂಕ್ಚರ್ ಅಂಗಡಿ. ಇಬ್ಬರೂ ಹೆಚ್ಚು ಮಾತಿನವರಲ್ಲ.

ಓಣಿಯಲ್ಲಿ ಆಕೆಗೆ ಇನ್ನೊಂದು ಕೆಲಸಕ್ಕೂ ಹೆಸರಿತ್ತು. ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೆ ಎಣ್ಣೆ ತಿಕ್ಕಲು ಮೆಹರುನಬಿಯನ್ನೇ ಕರೆಯುತ್ತಿದ್ದರು. ಬಿಗಿಯಾದ ಕೈ. ಹೆಬ್ಬೆರಳು ಊರಿ ಸೊಂಟದಿಂದ ಎಳೆದಳೆಂದರೆ ಬಾಣಂತಿ ಅಯ್ಯೋ ಎಂದು ಕೂಗಿ, ಆಮೇಲೆ ಎರಡು ತಾಸು ಎಚ್ಚರವಿಲ್ಲದೆ ಮಲಗುತ್ತಿದ್ದಳು.

ತಂಗಿ ಜರೀನಾ ಆಕೆಗಿಂತ ಹನ್ನೊಂದು ವರ್ಷ ಸಣ್ಣವಳು. ತಾಯಿ ಬೇಗ ತೀರಿಕೊಂಡಿದ್ದರಿಂದ ಎತ್ತಿ ಆಡಿಸಿ ಬೆಳೆಸಿದವಳು ಮೆಹರುನಬಿಯೇ. ಗಂಗಾವತಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಮಾಜೀದ ಅಕ್ಕಿ ಗಿರಣಿಯಲ್ಲಿ ಹಮಾಲಿ. ಮಕ್ಕಳಾಗಿರಲಿಲ್ಲ. ಲಾಕ್‌ಡೌನಿನ ವರ್ಷ ಜರೀನಾಳ ಎಡ ಎದೆಯಲ್ಲಿ ಗೋಲಿಯಷ್ಟು ಗಂಟು ಕೈಗೆ ಹತ್ತಿತು. ನಾಚಿಕೆಯೋ ಹೆದರಿಕೆಯೋ, ಒಂದು ವರ್ಷ ಯಾರಿಗೂ ಹೇಳಲಿಲ್ಲ. ಹೇಳುವ ಹೊತ್ತಿಗೆ ಅದು ನಿಂಬೆಹಣ್ಣಿನಷ್ಟಾಗಿತ್ತು. ಹುಬ್ಬಳ್ಳಿಯಲ್ಲಿ ಎದೆ ತೆಗೆದರು, ಕಂಕುಳಲ್ಲಿದ್ದ ಗಂಟುಗಳನ್ನೂ ತೆಗೆದರು. ಔಷಧಿ, ರೇಡಿಯೇಷನ್ನಿನ ಕರೆಂಟು ಎಲ್ಲ ಮುಗಿದ ಮೇಲೆ ಎಡಗೈ ಊದಿಕೊಳ್ಳಲು ಶುರುವಾಯಿತು. ಬಳೆ ಕತ್ತರಿಸಿ ತೆಗೆಯಬೇಕಾಯಿತು.

ಮಾಜೀದ ಹೆಂಡತಿಯನ್ನು ಭಾಗ್ಯನಗರಕ್ಕೆ ಕರೆದುಕೊಂಡು ಬಂದ.

“ಆಪಾ, ನಾ ನಸುಕಿನ್ಯಾಗ ಗಿರಣಿಗೆ ಹೋದಾಂವ ಸಂಜೀಕ ಬರತೀನಿ. ಇಕಿನ್ನ ನೋಡ್ಕೊಳ್ಳಾಕ ಅಲ್ಲೆ ಯಾರೂ ಇಲ್ರಿ,” ಎಂದು ಹೆಂಡತಿಯ ಅಕ್ಕನಿಗೆ ಹೇಳಿದ.

“ಒಂದ ಮನಿಯಾಗ ಇದ್ದು ಒಂದು ವರ್ಷ ನಿನಗ ಗೊತ್ತಾಗಲಿಲ್ಲೇನೋ?” ಎಂದು ಮೆಹರುನಬಿ ಕೇಳಿದಳು. ಆತ ತಲೆ ಕೆಳಗೆ ಹಾಕಿ ನಿಂತ.

ಅವತ್ತಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಮಾಜೀದ ಬಸ್ಸು ಹತ್ತಿ ಬರುತ್ತಿದ್ದ. ಬಾಗಿಲ ಹತ್ತಿರ ಕೂರುತ್ತಿದ್ದ. ತಂದ ಬಾಳೆಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಿರುತ್ತಿದ್ದ. ಒಮ್ಮೆ ಜರೀನಾಳ ಕೈ ದಿಂಬಿನಿಂದ ಜಾರಿತೆಂದು ಎತ್ತಿಡಲು ಮುಂದೆ ಬಂದಾಗ ಮೆಹರುನಬಿ, “ಮುಟ್ಟಬ್ಯಾಡ, ನಿನಗ ತಿಳಿಯಂಗಿಲ್ಲ,” ಎಂದು ಗದರಿಸಿದಳು. ಆತ ಕೈ ಹಿಂದಕ್ಕೆ ತೆಗೆದುಕೊಂಡ. ಮತ್ತೆ ಯಾವತ್ತೂ ಮುಂದೆ ಬರಲಿಲ್ಲ.

ತಿಳಿಯದೇ ಇದ್ದದ್ದು ಮೆಹರುನಬಿಗೆ. ಊತ ಎಂದರೆ ತಿಕ್ಕಿ ಇಳಿಸುವಂಥದ್ದು ಎಂದೇ ಆಕೆ ತಿಳಿದಿದ್ದಳು. ಎಳ್ಳೆಣ್ಣೆ ಬಿಸಿ ಮಾಡಿ, ಹೆಗಲಿನಿಂದ ಮುಂಗೈವರೆಗೆ ಹೆಬ್ಬೆರಳು ಊರಿ ಎಳೆದಳು. ಜರೀನಾ ಚಾದರದ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸುಮ್ಮನೆ ಮಲಗಿದ್ದಳು. ನೋವಾಗುತ್ತಿದೆ ಎಂದರೆ ಗುಣವಾಗುತ್ತಿದೆ ಎಂದು ಇಬ್ಬರೂ ನಂಬಿದ್ದರು. ಮೂರು ದಿನ ಹೀಗೆ ನಡೆಯಿತು. ನಾಲ್ಕನೆಯ ದಿನ ಕೈ ಕೆಂಪಗೆ ಬಿಗಿದುಕೊಂಡು ಮುಟ್ಟಿದರೆ ಸುಡುವಂತಾಯಿತು. ಜ್ವರ ಏರಿ ಜರೀನಾ ಸತ್ತ ತಾಯಿಯ ಹೆಸರು ಹಿಡಿದು ಬಡಬಡಿಸತೊಡಗಿದಳು. ಕೊಪ್ಪಳದ ಆಸ್ಪತ್ರೆಯಲ್ಲಿ ಆರು ದಿನ ಇಂಜೆಕ್ಷನ್ ಕೊಟ್ಟರು.

ಮನೆಗೆ ಬಂದ ವಾರದಲ್ಲಿ ನರ್ಸ್ ವಿರೂಪಾಕ್ಷಮ್ಮ ಬಂದಳು. ಗುಣವಾಗದ ಕಾಯಿಲೆಯವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವ ಒಂದು ಸಂಸ್ಥೆಯವಳು ಆಕೆ. ಹಳೆಯ ಸ್ಕೂಟಿ, ಹೆಗಲಿಗೊಂದು ಚೀಲ. ಜರೀನಾಳ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಯಾರ ತಿಕ್ಕಿದ್ರಿ ಇದನ್ನ?”

“ನಾನ ರೀ ಸಿಸ್ಟರ್,” ಎಂದಳು ಮೆಹರುನಬಿ.

ವಿರೂಪಾಕ್ಷಮ್ಮ ಬೈಯಲಿಲ್ಲ. “ಬಾಣಂತಿಗೆ ತಿಕ್ಕಿದಂಗ ತಿಕ್ಕೀರಿ. ನಿಮಗ ಯಾರೂ ಹೇಳಿಲ್ಲ. ಕಂಕಳಾಗಿನ ಗಂಟು ತಗದಾರಲ್ರಿ, ನೀರು ಹರದು ಹೋಗೋ ದಾರಿ ಅಲ್ಲೆ ಮುಚ್ಚೇತಿ. ಬಿಸಿ ಎಣ್ಣಿ ಹಚ್ಚಿ ಒತ್ತಿದ್ರ ಊತ ಇನ್ನಾ ಏರತೈತಿ, ನಂಜೂ ಆಗತೈತಿ. ಮ್ಯಾಗಿನ ಚರ್ಮ ಅಷ್ಟ ಸರೀಬೇಕು, ಒಳಗಿನ ಮಾಂಸ ಅಲಗಬಾರದು. ನಿಮ್ಮ ಕೈ ಕೊಡ್ರಿ ಇಲ್ಲೆ.”

ಆಕೆ ಮೆಹರುನಬಿಯ ಕೈಯನ್ನೇ ತೊಡೆಯ ಮೇಲೆ ಇಟ್ಟುಕೊಂಡು ತೋರಿಸಿದಳು. ಮೊದಲು ಕುತ್ತಿಗೆಯ ಎರಡೂ ಬದಿ, ಆಮೇಲೆ ಊತವಿಲ್ಲದ ಕಡೆಯ ಕಂಕುಳು, ಎದೆಯ ಮೇಲಿನಿಂದ ಆ ಕಡೆಗೆ, ಕೊನೆಗೆ ತೋಳು, ಮೊಣಕೈ, ಮುಂಗೈ. ಪ್ರತಿಸಲವೂ ಕೈ ಮೇಲಕ್ಕೇ ಹೋಗಬೇಕು. ಮೆಹರುನಬಿಗೆ ಮುಟ್ಟಿದರೋ ಇಲ್ಲವೋ ಎಂಬುದೇ ಗೊತ್ತಾಗಲಿಲ್ಲ. ಬುದ್ಧಿ ಬಂದಾಗಿನಿಂದ ತನ್ನನ್ನು ಹೀಗೆ ಯಾರೂ ಮುಟ್ಟಿರಲಿಲ್ಲ ಎಂದುಕೊಂಡಳು.

ಕಲಿಯಲು ಮೂರು ವಾರ ಹಿಡಿಯಿತು. ಬಾಣಂತಿಯರಿಗೆ ತಿಕ್ಕಿದ ಅಭ್ಯಾಸ ಹೋಗಲೊಲ್ಲದು. ಹೆಬ್ಬೆರಳು ತಾನಾಗಿ ಒತ್ತಿಬಿಡುತ್ತಿತ್ತು. ಒಂದು ದಿನ ಗೋಡೌನಿನಲ್ಲಿ ಕೂತಿದ್ದಾಗ ತನ್ನ ಬೆರಳುಗಳನ್ನೇ ನೋಡಿದಳು. ಒಣಗಿದ ಕೂದಲಿನ ಎಳೆಯನ್ನು ಹರಿಯದಂತೆ ಜಾರಿಸುವಾಗ ಅವು ಎಷ್ಟು ಮೆತ್ತಗೆ ಹೋಗುತ್ತವೆಯೋ ಅಷ್ಟೇ ಸಾಕು. ಅಂದು ಸಂಜೆ ಜರೀನಾ ಕಣ್ಣು ಮುಚ್ಚಿಕೊಂಡೇ ಹೇಳಿದಳು:

“ಈಗ ಬಂತು ನೋಡು ಆಪಾ.”

ಮೂರು ತಿಂಗಳಲ್ಲಿ ಊತ ಇಳಿಯಿತು, ಪೂರ್ತಿ ಅಲ್ಲ. ಜರೀನಾ ತನ್ನ ಹಳೆಯ ಕಮೀಜಿನ ತೋಳಿನೊಳಗೆ ಕೈ ತೂರಿಸಿದ ದಿನ ಹೈದರಸಾಬ ಅಂಗಡಿಯಿಂದ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದ. ಆದರೆ ಆ ಚಳಿಗಾಲದಲ್ಲೇ ಕಾಯಿಲೆ ಲಿವರಿನಲ್ಲಿ ಕಾಣಿಸಿಕೊಂಡಿತು. ಮತ್ತೆ ಹುಬ್ಬಳ್ಳಿ, ಮತ್ತೆ ನರಕ್ಕೆ ಏರಿಸುವ ಔಷಧಿಯ ಬಾಟಲಿ. ಹೊಸದಾಗಿ ಮೊಳೆತು ಕಿವಿಯವರೆಗೆ ಬಂದಿದ್ದ ಕೂದಲು ಮತ್ತೆ ಕೈಗೆ ಬರತೊಡಗಿತು. ಜರೀನಾ ಅದನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಟ್ಟು, “ಆಪಾ, ಇದನ್ನ ನಿಮ್ಮ ಗೋಡೌನಿಗೆ ಹಾಕು. ಒಂದು ಸಣ್ಣ ಡಬ್ಬಿಯರ ಬರಬೇಕು,” ಎಂದು ನಕ್ಕಳು. ಮೆಹರುನಬಿಯೂ ನಕ್ಕಳು. ಆಮೇಲೆ ಹಿತ್ತಲಿಗೆ ಹೋಗಿ ಗುಂಡಿ ತೋಡಿ, ಚೀಲದಿಂದ ತೆಗೆದು ಅದನ್ನು ಮಣ್ಣು ಮಾಡಿದಳು. ಮರುದಿನ ಗೋಡೌನಿನಲ್ಲಿ ಮೂಟೆ ಬಿಚ್ಚಿದಾಗ ಮೇಲಿನ ಉಂಡೆಯನ್ನು ಕೈಗೆತ್ತಿಕೊಳ್ಳಲು ಆಗಲಿಲ್ಲ. ಜೊತೆಯವರಿಗೆ ತಲೆನೋವೆಂದು ಹೇಳಿ ಮನೆಗೆ ಬಂದುಬಿಟ್ಟಳು.

ಒಂದು ಮಧ್ಯಾಹ್ನ ಕೈ ನೇವರಿಸುತ್ತ ಕೂತಿದ್ದಾಗ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು.

“ಅವತ್ತ ನಾ ಹಂಗ ತಿಕ್ಕದಿದ್ರ ನಿನಗ ಇಷ್ಟು ಆಗತಿದ್ದಿಲ್ಲೇನೋ, ಜರೀನಾ.”

“ಅದು ಬ್ಯಾರೆ, ಇದು ಬ್ಯಾರೆ. ಡಾಕ್ಟರ್ ಹೇಳ್ಯಾರಲ್ಲ.” ಜರೀನಾ ಕೈಯನ್ನು ಆಕೆಯ ಕಡೆ ಸರಿಸಿ ಹೇಳಿದಳು, “ನೀ ಮಾತಾಡಬ್ಯಾಡ ಆಪಾ. ಮಾತಾಡಿದ್ರ ನಿನ್ನ ಕೈ ನಿಂದರತೈತಿ.”

ರಂಜಾನಿಗೆ ಹತ್ತು ದಿನವಿರುವಾಗ, ಒಂದು ಶುಕ್ರವಾರ ಮಧ್ಯಾಹ್ನ ಜರೀನಾ ತೀರಿಕೊಂಡಳು. ಮಾಜೀದ ಆಗ ಗಂಗಾವತಿಯಿಂದ ಬರುವ ಬಸ್ಸಿನಲ್ಲಿದ್ದ. ಬಂದವನು ಬಾಗಿಲಲ್ಲಿ ಜನ ಕಂಡು ಅಲ್ಲೇ ಕುಸಿದು ಕೂತ. ತೀರಿಹೋದ ಮೇಲೆ ಹೆಂಡತಿಯನ್ನು ಗಂಡ ಮುಟ್ಟುವಂತಿಲ್ಲ ಎಂದು ಓಣಿಯ ಹಿರಿಯರು ಹೇಳಿದರು. ಮೆಹರುನಬಿ ಮತ್ತು ಇನ್ನಿಬ್ಬರು ಹೆಂಗಸರು ಸ್ನಾನ ಮಾಡಿಸಿ ಕಫನ್ ತೊಡಿಸಿದರು. ಮಾಜೀದ ದೂರದಿಂದ ಮುಖ ನೋಡಿದ, ಹೆಣ ಹೊರುವಾಗ ಹೆಗಲು ಕೊಟ್ಟ. ಖಬರಸ್ತಾನದಿಂದ ಹಾಗೇ ಗಂಗಾವತಿಗೆ ಹೋದ.

ಎರಡು ತಿಂಗಳಾದ ಮೇಲೆ ವಿರೂಪಾಕ್ಷಮ್ಮ ಬಂದು ಚಹಾ ಕುಡಿಯುತ್ತ ಮಾತು ತೆಗೆದಳು. ಯಲಬುರ್ಗಾದಲ್ಲಿ ಒಬ್ಬಳಿದ್ದಾಳೆ, ಅದೇ ಕಾಯಿಲೆ, ಅದೇ ಕೈ. ವಾರಕ್ಕೊಮ್ಮೆ ಯಾರಾದರೂ ಹೋಗಿ ನೇವರಿಸಿದರೆ ಚೆನ್ನಾಗಿತ್ತು.

“ಈ ಕೈಯಿಂದ ಒಬ್ಬಾಕಿಗೆ ಆಗಿದ್ದು ಸಾಕ್ರಿ ಸಿಸ್ಟರ್,” ಎಂದಳು ಮೆಹರುನಬಿ.

ವಿರೂಪಾಕ್ಷಮ್ಮ ಒತ್ತಾಯ ಮಾಡಲಿಲ್ಲ. ಮುಂದಿನ ತಿಂಗಳು ಬಂದಳು, ಅದರ ಮುಂದಿನ ತಿಂಗಳೂ ಬಂದಳು. ಮೂರನೆಯ ಸಲ, “ನಾ ಇಷ್ಟು ಮಂದೀಗೆ ಕಲಿಸೀನ್ರಿ, ನಿಮ್ಮಂಥ ಹಗುರ ಕೈ ಯಾರಿಗೂ ಬಂದಿಲ್ಲ. ಅದನ್ನ ಮನಿಯಾಗ ಇಟಗೊಂಡು ಏನ್ ಮಾಡ್ತೀರಿ?” ಎಂದಳು.

ಅಂಗಳದಲ್ಲಿ ಟ್ಯೂಬು ಉಜ್ಜುತ್ತಿದ್ದ ಹೈದರಸಾಬ ತಲೆ ಎತ್ತದೆ ಹೇಳಿದ: “ಹೋಗಿ ಬಾ. ಆಯ್ತವಾರ ಇಲ್ಲೆ ಕುಂತು ಗ್ವಾಡಿ ನೋಡೋದ ಐತಿ.”

ಆ ಭಾನುವಾರ ವಿರೂಪಾಕ್ಷಮ್ಮನ ಸ್ಕೂಟಿಯ ಹಿಂದೆ ಕೂತು ಯಲಬುರ್ಗಾಕ್ಕೆ ಹೋದಳು. ಸಿಸ್ಟರ್ ಹೇಳಿದ್ದ ಪಾರಮ್ಮನ ಮನೆ ಊರ ಅಂಚಿನಲ್ಲಿತ್ತು. ತಗಡಿನ ಮನೆ, ಪಕ್ಕಕ್ಕೆ ಆಡುಗಳ ಹಟ್ಟಿ. ಅತ್ತೆ ಮಾರೆಮ್ಮ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

“ನೀವು ಯಾ ಮಂದೀಬೇ?” ಎಂದು ಕೇಳಿದಳು.

“ಸಾಬರವ್ರು.”

ಮುದುಕಿಯ ಚಿಂತೆ ಬೇರೆಯೇ ಇತ್ತು. “ಮುಟ್ಟಿದ್ರ ಹತ್ತತೈತಿ ಅಂತಾರ. ನಿನಗ ಹೆದರಿಕಿಲ್ಲೇನು?”

“ಹತ್ತಂಗಿಲ್ಲಬೇ. ನನ್ನ ತಂಗಿಗೆ ಇತ್ತು. ಅಕಿ ಕೂಡ ಒಂದ ಹಾಸಿಗ್ಯಾಗ ಮಲಗೀನಿ, ಒಂದ ತಾಟಿನ್ಯಾಗ ಉಂಡೀನಿ.”

ಮಾರೆಮ್ಮ ನಂಬಿದಂತೆ ಕಾಣಲಿಲ್ಲ, ಆದರೆ ದಾರಿ ಬಿಟ್ಟಳು.

ಪಾರಮ್ಮನಿಗೆ ಮೂವತ್ತೆಂಟು. ಕೂಲಿ ಮಾಡಿ ಗಟ್ಟಿಯಾದ ಮೈ ಈಗ ಮೂಳೆಗೆ ಅಂಟಿಕೊಂಡಿತ್ತು, ಎಡಗೈ ಮಾತ್ರ ದಪ್ಪಗೆ ಬೇರೆ ಯಾರದೋ ಕೈಯಂತೆ ಪಕ್ಕದಲ್ಲಿ ಬಿದ್ದಿತ್ತು. ಮೂಲೆಯಲ್ಲಿ ಆಕೆಯದೇ ತಾಟು, ಆಕೆಯದೇ ಚೊಂಬು. ಗಂಡ ದುರಗಪ್ಪ ಹಾಸಿಗೆಯನ್ನು ಆಡಿನ ಹಟ್ಟಿಗೆ ಒಯ್ದು ಎಂಟು ತಿಂಗಳಾಗಿತ್ತು. ಮೆಹರುನಬಿ ಕೈ ತೊಳೆದುಕೊಂಡು ಬಂದು ಆಕೆಯ ಕುತ್ತಿಗೆಗೆ ಬೆರಳಿಟ್ಟಳು. ಪಾರಮ್ಮ ಬೆಚ್ಚಿದಳು. ನಂತರ ಅಳತೊಡಗಿದಳು.

“ನೋವಾತೇನವಾ?”

“ಇಲ್ಲ ಯಕ್ಕಾ. ಎಂಟು ತಿಂಗಳಾತು, ನನ್ನ ಯಾರೂ ಮುಟ್ಟಿಲ್ಲ. ಸೂಜಿ ಚುಚ್ಚಾಕ ಮುಟ್ಟ್ಯಾರ, ಅಷ್ಟ.”

ಮೆಹರುನಬಿ ಮುಕ್ಕಾಲು ತಾಸು ನೇವರಿಸಿದಳು. ಏಳುವಾಗ ಪಾರಮ್ಮ ನಿದ್ದೆ ಹೋಗಿದ್ದಳು.

ಹೀಗೆ ಶುರುವಾಯಿತು. ಮೊದಲು ವಿರೂಪಾಕ್ಷಮ್ಮನ ಜೊತೆಗೆ ಹದಿನೈದು ದಿನಕ್ಕೊಮ್ಮೆ. ಮರುವರ್ಷ ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಪ್ರತಿ ಭಾನುವಾರ ಒಬ್ಬಳೇ. ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದಳು, ಪಾರಮ್ಮನ ಪಕ್ಕದಲ್ಲೇ ಕೂತು ಆಕೆಯ ತಾಟಿನಲ್ಲೇ ಉಣ್ಣುತ್ತಿದ್ದಳು. ಮಾರೆಮ್ಮ ಅದನ್ನು ಬಾಗಿಲಿನಿಂದ ನೋಡುತ್ತಿದ್ದಳು. ಯಾವಾಗಿನಿಂದಲೋ ಆ ತಾಟು ಮೂಲೆಯಿಂದ ಎದ್ದು ಉಳಿದ ತಾಟುಗಳ ಜೊತೆ ಸೇರಿತು.

ಆದರೆ ವಾರಕ್ಕೊಂದು ದಿನ ಸಾಲದು. ಸೋಮವಾರ, ಮಂಗಳವಾರ ಸಡಿಲಾಗಿದ್ದ ಕೈ ಶನಿವಾರಕ್ಕೆ ಮತ್ತೆ ಬಿಗಿಯುತ್ತಿತ್ತು. ಒಂದು ಭಾನುವಾರ ಮೆಹರುನಬಿ ಹಟ್ಟಿಯ ಕಡೆ ಮುಖ ಮಾಡಿ ದುರಗಪ್ಪನನ್ನು ಕರೆದಳು. ಆತ ಬಂದು ಹೊಸ್ತಿಲಾಚೆ ನಿಂತ.

“ದಿನಾ ಮುಂಜಾನೆ ನೀವ ಮಾಡಬೇಕ್ರಿ. ನಾ ತೋರಸ್ತೀನಿ.”

“ನನ್ನ ಕೈ ಒರಟು ಅದಾವ್ರಿ ಅಕ್ಕಾರ. ಅಕಿಗೆ ಏನರ ಆದೀತು.”

“ಹೆದರಿಕಿ ಅಕಿಗೆ ಆದೀತಂತೋ, ನಿಮಗ ಹತ್ತೀತಂತೋ?”

ದುರಗಪ್ಪ “ಎರಡೂ ರೀ,” ಎಂದ. ಒಳಗಿನಿಂದ ಪಾರಮ್ಮ ನಕ್ಕ ಸದ್ದು ಕೇಳಿಸಿತು. ಆಕೆ ನಕ್ಕದ್ದನ್ನು ಮೆಹರುನಬಿ ಕೇಳಿದ್ದು ಅದೇ ಮೊದಲು.

ಪರಗಂಡಸಿನ ಕೈ ಹಿಡಿದು ಕಲಿಸುವುದು ಮೆಹರುನಬಿಗೆ ಆಗದ ಮಾತು. ಎಷ್ಟು ಭಾರ ಎಂದು ಬಾಯಿಯಲ್ಲಿ ಹೇಳಿದರೆ ಆತನಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಕೇಳಿದಳು: “ಆಡು ಈದಾಗ ಮರಿ ಮೈ ನೀವ ಒರಸ್ತೀರಲ್ಲ? ಅವಾಗ ಎಷ್ಟು ಒತ್ತತೀರಿ?”

“ಅದಕ್ಯಾಕ ಒತ್ತಬೇಕ್ರಿ? ಅದರ ಎಲುಬು ಇನ್ನಾ ಹಸಿ ಇರತಾವು. ಬರೇ ಸವರೋದು.”

“ಅಷ್ಟ ರೀ. ಅಷ್ಟ ಇದು.”

ದುರಗಪ್ಪ ಕೈ ತೊಳೆದು ಬಂದು ಹೆಂಡತಿಯ ತಲೆದೆಸೆಯಲ್ಲಿ ಕೂತ. ಪಾರಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಮೆಹರುನಬಿ ಎದ್ದು ಹೊರಗೆ ಹೋಗಿ ಮಾರೆಮ್ಮನ ಜೊತೆ ಶೇಂಗಾ ಸುಲಿಯುತ್ತ ಕೂತಳು. ಮುಂದಿನ ಭಾನುವಾರ ಹೋದಾಗ ಹಟ್ಟಿಯಲ್ಲಿದ್ದ ಹಾಸಿಗೆ ಮನೆಯೊಳಗೆ ಬಂದಿತ್ತು.

ಅಲ್ಲಿಂದ ಪಾರಮ್ಮ ಏಳು ತಿಂಗಳು ಬದುಕಿದಳು. ಕೈಯ ಬಿಗುವು ಕಡಿಮೆಯಾಯಿತು. ಉಳಿದದ್ದು ಯಾವುದೂ ಕಡಿಮೆಯಾಗಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮೆಹರುನಬಿಗೆ ಜ್ವರ ಬಂದು ಒಂದು ಭಾನುವಾರ ತಪ್ಪಿತು. ಅದರ ಮುಂದಿನ ಭಾನುವಾರ ಹೋದಾಗ ಓಣಿಯ ಹೆಂಗಸರು ಆಕೆಯನ್ನು ಕಂಡು ಸುಮ್ಮನಾದರು. ಮನೆಯ ಮುಂದೆ ದುರಗಪ್ಪ ಒಬ್ಬನೇ ಕೂತಿದ್ದ. ಮಣ್ಣು ಮಾಡಿ ಮೂರು ದಿನವಾಗಿತ್ತು.

“ನಿಮಗ ಫೋನ್ ಹಚ್ಚಬೇಕಂದ್ವಿ ಅಕ್ಕಾರ, ಜ್ವರಾ ಅಂತ ಸಿಸ್ಟರ್ ಹೇಳಿದ್ರು,” ಎಂದ. ಮೆಹರುನಬಿ ಆತನ ಎದುರಿನ ಕಲ್ಲಿನ ಮೇಲೆ ಕೂತಳು. ಆತ ತಾನಾಗಿ ಹೇಳಿದ:

“ಗುರುವಾರ ಮುಂಜಾನೆ ಮಾತು ನಿಂತಿತ್ತು. ಕೈಸನ್ನಿ ಮಾಡಿದ್ಲು, ಸವರು ಅಂತ. ಸವರಿಕೋತ ಕುಂತ್ನಿ. ಉಸರು ನಿಂತಿದ್ದು ನನಗ ತಿಳೀಲೇ ಇಲ್ರಿ. ಅವ್ವ ಬಂದು, ಸಾಕು ಬಿಡೋ ತಮ್ಮಾ, ಅಂದಾಗ ನೋಡಿದ್ನಿ.”

ಅಂಗೈ ತಿರುಗಿಸಿ ನೋಡಿಕೊಂಡು ಮತ್ತೆ ಹೇಳಿದ: “ಈಗೂ ಮುಂಜಾನೆ ಆ ಹೊತ್ತಿಗೆ ಎಚ್ಚರ ಆಗತೈತಿ. ಎದ್ದು ಕೈ ತೊಳಕೋತೀನಿ. ತೊಳಕೊಂಡು ಏನ್ ಮಾಡ್ಲಿ ಹೇಳ್ರಿ?”

ಮೆಹರುನಬಿ ಒಳಗೆ ಹೋಗಿ ಮಾರೆಮ್ಮನ ಪಕ್ಕ ಕೂತು ಅತ್ತಳು. ಮುದುಕಿ ಆಕೆಯ ಬೆನ್ನ ಮೇಲೆ ಕೈಯಿಟ್ಟಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಆಕೆಗೆ ಪಾರಮ್ಮನಿಗಿಂತ ಹೆಚ್ಚಾಗಿ ಮಾಜೀದ ನೆನಪಾದ. ಒಂದು ಶುಕ್ರವಾರವೂ ತಪ್ಪದೆ ಬಂದು ಬಾಗಿಲಲ್ಲಿ ಕೂತು ಹೋದ ಮನುಷ್ಯ. ಯಾರದೋ ಗಂಡನನ್ನು ಕರೆದು ಹೆಂಡತಿಯ ಪಕ್ಕ ಕೂರಿಸಿ ಬಂದವಳು, ತಂಗಿಯ ಗಂಡ ಹೆಂಡತಿಯ ಕೈ ಮುಟ್ಟದಂತೆ ಮಾಡಿದ್ದಳು. ಹೈದರಸಾಬನಿಗೂ ಏನೂ ಹೇಳದೆ ಮರುವಾರ ಗಂಗಾವತಿಗೆ ಹೋದಳು.

ಮಾಜೀದ ಗಿರಣಿಯ ಹಿಂದಿನ ಸಣ್ಣ ಖೋಲಿಯಲ್ಲಿದ್ದ. ಮತ್ತೆ ಮದುವೆಯಾಗಿರಲಿಲ್ಲ. ಆಪಾ ಬಂದದ್ದು ಕಂಡು ಗಾಬರಿಯಿಂದ ಚಾಪೆ ಹಾಸಿದ. ಮೈಮೇಲೆಲ್ಲ ಅಕ್ಕಿಯ ತೌಡು.

“ಅವತ್ತ ನಿನಗ ಮುಟ್ಟಬ್ಯಾಡ ಅಂದೆ,” ಎಂದು ಮೆಹರುನಬಿ ಮಾತು ಶುರು ಮಾಡಿದಳು. “ಅಕಿ ನಿನ್ನ ಹೆಂಡತಿ ಇದ್ಲು. ನಾ ಕಲಿಸಿಕೊಡಬೇಕಿತ್ತು ನಿನಗ. ಸಿಟ್ಟಿನ್ಯಾಗ ನಿನ್ನಿಂದ ಕಸಗೊಂಡೆ.”

“ಇರಲಿ ಬಿಡ್ರಿ ಆಪಾ,” ಎಂದ ಮಾಜೀದ. ಚಹಾ ತರುತ್ತೇನೆಂದು ಎದ್ದವನು ಮತ್ತೆ ಕೂತ. ಚಾಪೆಯ ಅಂಚು ಹಿಡಿದುಕೊಂಡು ಕೇಳಿದ: “ಆಪಾ, ಕಡೀಗೆ ಅಕಿ ಕೈ ಹೆಂಗಿತ್ರಿ? ತಣ್ಣಗಿತ್ತೋ, ಬೆಚ್ಚಗಿತ್ತೋ?”

ಮೆಹರುನಬಿ ಆತನ ಕೈಗಳನ್ನು ನೋಡಿ ಹೇಳಿದಳು:

“ಬೆಚ್ಚಗಿತ್ತಪ್ಪಾ. ಬೆರಳು ಅಷ್ಟ ತಣ್ಣಗಾಗಿದ್ವು.”

ಆತ ತಲೆಯಾಡಿಸಿದ. ಬಸ್ಸಿನವರೆಗೆ ಜೊತೆಗೆ ಬಂದು, ಕಿಟಕಿಯ ಹೊರಗೆ ನಿಂತು, ಬಸ್ಸು ಬಿಡುವವರೆಗೂ ಕಾದ.

ಇದಾಗಿ ಒಂದೂವರೆ ವರ್ಷವಾಯಿತು. ಈವರೆಗೆ ಮೆಹರುನಬಿ ಹನ್ನೊಂದು ಹೆಂಗಸರ ಮನೆಗೆ ಹೋಗಿದ್ದಾಳೆ. ಇಬ್ಬರು ಬದುಕಿದ್ದಾರೆ. ಹೊಸ ಮನೆಗೆ ಹೋದಾಗ ಕಾಯಿಲೆಯವಳನ್ನು ಮುಟ್ಟುವ ಮೊದಲು, ಮನೆಯಲ್ಲಿ ಯಾರ್‍ಯಾರು ಇದ್ದಾರೆ ಎಂದು ಕೇಳುತ್ತಾಳೆ. ಗಂಡನಿರಲಿ, ಮಗಳಿರಲಿ, ಸೊಸೆಯಿರಲಿ, ಒಬ್ಬರನ್ನಾದರೂ ಪಕ್ಕಕ್ಕೆ ಕೂರಿಸಿಕೊಳ್ಳದೆ ಕೆಲಸ ಶುರು ಮಾಡುವುದಿಲ್ಲ. ಕೆಲವರು ಕೂರುತ್ತಾರೆ. ಕೆಲವರು ಏನಾದರೂ ನೆಪ ಹೇಳಿ ಎದ್ದು ಹೋಗುತ್ತಾರೆ. ಅಂಥ ದಿನ ಸುಮ್ಮನೆ ತನ್ನ ಪಾಲಿನದು ಮಾಡಿ, ಮುಂದಿನ ವಾರ ಮತ್ತೆ ಕೇಳುತ್ತಾಳೆ.

ಕಳೆದ ಭಾನುವಾರ ಎರಡು ಬಸ್ಸು ಬದಲಿಸಿ ಹನುಮಸಾಗರಕ್ಕೆ ಹೋಗಿದ್ದಳು. ಅಲ್ಲಿಯವಳ ಗಂಡ ಪಂಪಣ್ಣ ಗಡಿಬಿಡಿಯಲ್ಲಿದ್ದ. ಹೊಲಕ್ಕೆ ಹೋಗಬೇಕು, ಟ್ರ್ಯಾಕ್ಟರಿನವನು ಕಾಯುತ್ತಿದ್ದಾನೆ ಎಂದು ಚಪ್ಪಲಿ ಮೆಟ್ಟಿಕೊಂಡ. ಮಂಚದ ಮೇಲಿದ್ದ ಹೆಂಗಸು ಸೀರೆಯ ಸೆರಗಿನಿಂದ ಊದಿದ ಕೈಯನ್ನು ಮುಚ್ಚಿಕೊಂಡಳು.

“ಐದು ಮಿನಿಟು ಕುಂದರ್ರಿ, ಅಣ್ಣಾರ,” ಎಂದಳು ಮೆಹರುನಬಿ. “ಕೈ ತೊಳಕೊಂಡು ಬರ್ರಿ.”

ಪಂಪಣ್ಣ ಬಾಗಿಲಲ್ಲಿ ನಿಂತು ಒಮ್ಮೆ ರಸ್ತೆಯ ಕಡೆ, ಒಮ್ಮೆ ಮಂಚದ ಕಡೆ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಬಚ್ಚಲಿನ ಕಡೆಗೆ ನಡೆದ.